ಕಪ್ಪು-ಬಿಳುಪಿನ ಚಿತ್ರವನ್ನು ನಾನು ನೋಡುವ ಬಗೆ

ಇದ್ದಿಲಿನಲ್ಲಿ ಬರೆದ ಒಂದು ಸ್ಟಿಲ್ ಲೈಫ್, ಅಂದರೆ ಜೋಡಿಸಿಟ್ಟ ವಸ್ತುಗಳ ಚಿತ್ರ. ಹೂಜಿ, ಪಕ್ಕದಲ್ಲಿ ಸೇಬು, ಕೆಳಗೆ ಸುಕ್ಕುಸುಕ್ಕಾದ ಬಿಳಿ ಬಟ್ಟೆ. ಇಂಥ ಚಿತ್ರ ಸಿಕ್ಕರೆ ನಾನು ಮೊದಲು ಕಣ್ಣು ಅರ್ಧ ಮುಚ್ಚಿ ನೋಡುತ್ತೇನೆ. ಸಣ್ಣಪುಟ್ಟದ್ದೆಲ್ಲ ಮಸುಕಾಗಿ ಕಪ್ಪು, ಬೂದು, ಬಿಳಿ ಅಷ್ಟೇ ಉಳಿಯುತ್ತವೆ. ಅವನ್ನು ಬೆರಳುದ್ದದ ಚೌಕದೊಳಗೆ ಗೀಚಿಕೊಳ್ಳುತ್ತೇನೆ. ಅಲ್ಲೇ ಚಿತ್ರ ನಿಲ್ಲದಿದ್ದರೆ ಮೇಲೆ ಎಷ್ಟು ನಯ ಮಾಡಿದ್ದರೂ ಅಷ್ಟಕ್ಕಷ್ಟೇ ಅನ್ನುವುದು ನನ್ನ ಲೆಕ್ಕ.

ಆಮೇಲೆ ಎಲ್ಲಕ್ಕಿಂತ ಕಪ್ಪಾದ ಜಾಗ ಹುಡುಕುತ್ತೇನೆ. ಈ ಚಿತ್ರದಲ್ಲಿ ಅದು ಸೇಬು ಬಟ್ಟೆಗೆ ತಾಗುವ ಸಂದಿ. ಬೆಳಕು ಅಲ್ಲಿಗೆ ನುಗ್ಗುವುದೇ ಕಷ್ಟ. ಸೇಬಿನ ನೆರಳಿನ ಬದಿಯಲ್ಲಿ ಮಾತ್ರ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಬೆಳಕು ಮುಗಿದ ಕೂಡಲೇ ಒಂದು ದಟ್ಟ ಪಟ್ಟಿ. ಅದರಾಚೆ ಅಂಚಿನ ಹತ್ತಿರ ಮತ್ತೆ ಕೊಂಚ ತಿಳಿ. ಬಟ್ಟೆಯ ಮೇಲೆ ಬಿದ್ದ ಬೆಳಕು ಚಿಮ್ಮಿ ಹಣ್ಣಿನ ತಳಕ್ಕೆ ಬಡಿಯುವುದರಿಂದ ಹಾಗೆ. ಆದರೆ ಈ ತಿಳಿ ಬೆಳಕಿನ ಬದಿಯ ಬೂದುಬಣ್ಣಕ್ಕಿಂತ ಕಪ್ಪಾಗಿಯೇ ಇರಬೇಕು. ಇಲ್ಲದಿದ್ದರೆ ಸೇಬು ತಗಡಿನಂತೆ ಮಿಂಚುತ್ತದೆ.

ಇಲ್ಲಿ ಕಣ್ಣನ್ನು ನಂಬುವಂತಿಲ್ಲ. ಕಪ್ಪಿನ ಪಕ್ಕ ಇಟ್ಟ ಬೂದು ಬೆಳ್ಳಗೆ ಕಾಣುತ್ತದೆ, ಬಿಳಿಯ ಪಕ್ಕ ಅದೇ ಬೂದು ಕಪ್ಪಗೆ. ನೇಯ್ಗೆಯ ಕಪ್ಪು ನೂಲು ಸಪ್ಪೆಯಾಗಿ ಕಾಣುತ್ತದೆ ಎಂಬ ದೂರು ಬಂದಾಗ ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರಲ್ ಹುಡುಕಿದ್ದೂ ಇದನ್ನೇ. ತಪ್ಪು ಬಣ್ಣದ್ದಲ್ಲ, ಪಕ್ಕದ ಬಣ್ಣದ್ದು ಎಂದು 1839ರಲ್ಲಿ ವಿವರವಾಗಿ ಬರೆದರು. ನಾನಂತೂ ಒಂದು ರಟ್ಟಿನಲ್ಲಿ ಎರಡು ಸಣ್ಣ ತೂತು ಮಾಡಿಟ್ಟುಕೊಂಡಿದ್ದೇನೆ. ಅನುಮಾನ ಬಂದ ಎರಡು ಜಾಗಗಳ ಮೇಲೆ ಇಟ್ಟರೆ ಸುತ್ತಲಿನದು ಮರೆಯಾಗಿ ನಿಜ ಗೊತ್ತಾಗುತ್ತದೆ.

ಅಂಚುಗಳೂ ಮಜಾ ಕೊಡುತ್ತವೆ. ಹೂಜಿಯ ಬಲಬದಿಗೆ ಗೆರೆಯೇ ಇಲ್ಲ, ಹಿನ್ನೆಲೆಯ ಕಪ್ಪಿನಲ್ಲಿ ಕರಗಿಹೋಗಿದೆ. ಆದರೂ ಹೂಜಿ ಪೂರ್ತಿಯಾಗಿ ಕಾಣುತ್ತದೆ, ಅಲ್ವಾ? ಸುತ್ತ ಗೆರೆ ಎಳೆದಿದ್ದರೆ ಅದು ಕತ್ತರಿಸಿ ಅಂಟಿಸಿದ ಹಾಗಿರುತ್ತಿತ್ತು.

ಕೊನೆಗೆ ಕಾಗದಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗುತ್ತೇನೆ. ಹೂಜಿಯ ಮೇಲಿನ ಹೊಳಪು ಅಚ್ಚಬಿಳಿಯಾಗಿದ್ದರೆ ಆ ಜಾಗವನ್ನು ಮೊದಲೇ ಖಾಲಿ ಬಿಟ್ಟಿರುತ್ತಾರೆ. ರಬ್ಬರಿನಿಂದ ತೆಗೆದದ್ದಾದರೆ ಕಾಗದದ ತರಿಯ ಕುಳಿಗಳಲ್ಲಿ ಇದ್ದಿಲ ಪುಡಿ ಸ್ವಲ್ಪ ಉಳಿದುಕೊಂಡಿರುತ್ತದೆ. ಪೆನ್ಸಿಲ್ ಸೇರಿಸಿದ್ದಾರಾ ಎಂದು ತಿಳಿಯಲು ಓರೆಯಾಗಿ ನೋಡಿದರೆ ಸಾಕು. ಪೆನ್ಸಿಲ್ ಹೊಳೆಯುತ್ತದೆ, ಇದ್ದಿಲು ಹೊಳೆಯುವುದಿಲ್ಲ. ಇವೆಲ್ಲ ಫೋಟೋದಲ್ಲಿ ಅಷ್ಟಾಗಿ ಕಾಣುವುದಿಲ್ಲ, ಮೂಲ ಚಿತ್ರವೇ ಬೇಕು.