ಏಣಿಲ್ಲದ ಎದೆಮೂಳೆ: ಹಾರದ ಹಕ್ಕಿಗಳ ಮೂಳೆ ಹೋಲಿಸಿದ ನನ್ನ ಅನುಭವ

ಮೊದಲ ದಿನ ಮೇಜಿನ ಮೇಲೆ ಎರಡು ಎದೆಮೂಳೆ ಇಟ್ಟುಕೊಂಡು ಕೂತೆ. ಒಂದು ಹಾರಲಾರದ ಎಮು ಹಕ್ಕಿಯದು, ಇನ್ನೊಂದು ಟಿನಮುವಿನದು. ಟಿನಮು ಹಾರಬಲ್ಲ ಹಕ್ಕಿ. ಅದರ ಎದೆಮೂಳೆಯ ನಡುವೆ ತೆಳ್ಳಗೆ ಎದ್ದು ನಿಂತ ಏಣು ಇದೆ. ರೆಕ್ಕೆ ಬಡಿಯುವ ದೊಡ್ಡ ಸ್ನಾಯುಗಳು ಅಂಟಿಕೊಳ್ಳೋದು ಅಲ್ಲೇ. ಎಮುವಿನದರ ಮೇಲೆ ಹೆಬ್ಬೆರಳು ಎಳೆದೆ. ಬೋರಲು ಹಾಕಿದ ಬಟ್ಟಲನ್ನು ಸವರಿದ ಹಾಗಿತ್ತು, ಬೆರಳಿಗೆ ಏನೂ ತಡೆಯಲಿಲ್ಲ.

ಇವೆರಡೂ ನೆಂಟರು ಅಂತ ನೋಡಿದರೆ ಅನ್ನಿಸಲ್ಲ ಅಲ್ವಾ? ತಲೆಬುರುಡೆ ತಿರುಗಿಸಿ ಅಂಗುಳಿನ ಮೂಳೆಗಳನ್ನು ನೋಡಿದಾಗ ನಂಟು ಗೊತ್ತಾಯಿತು. ಎರಡರಲ್ಲೂ ಅವು ಕೂಡಿಕೊಂಡಿರುವ ಬಗೆ ಒಂದೇ. 1867ರಲ್ಲಿ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ಹಕ್ಕಿಗಳನ್ನು ವಿಂಗಡಿಸಲು ನೆಚ್ಚಿಕೊಂಡದ್ದು ಅಂಗುಳನ್ನೇ. ಈಚೆಗೆ ಡಿಎನ್‌ಎ ಕೂಡ ಟಿನಮುವನ್ನು ಉಷ್ಟ್ರಪಕ್ಷಿ, ರಿಯಾ, ಎಮು, ಕಿವಿ ಎಂಬ ಹಾರದ ಹಕ್ಕಿಗಳ ಗುಂಪಿನ ಒಳಗೇ ತಂದು ಕೂರಿಸಿದೆ. ಅಂದರೆ ಈ ಗುಂಪಿನಲ್ಲಿ ಹಾರಾಟ ಒಂದಕ್ಕಿಂತ ಹೆಚ್ಚು ಸಲ ತಪ್ಪಿಹೋಗಿರಬೇಕು. ಹಾಗಾಗಿ ಏಣು ನೋಡಿ ನೆಂಟಸ್ತಿಕೆ ಹೇಳೋದನ್ನು ನಾನು ಬಿಟ್ಟೆ. ಪೆಂಗ್ವಿನ್ ಗಾಳಿಯಲ್ಲಿ ಹಾರಲ್ಲ, ಆದರೂ ಅದರ ಏಣು ದೊಡ್ಡದು. ನೀರನ್ನು ತಳ್ಳೋಕೆ ಅದೇ ಸ್ನಾಯು ಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಹೆಗಲು. ಹಾರುವ ಹಕ್ಕಿಯಲ್ಲಿ ಬೆನ್ನಿನ ಕಡೆಯ ಸ್ಕ್ಯಾಪುಲಾ, ಎದೆಗೆ ಇಳಿಯುವ ಕೊರಕಾಯ್ಡ್ ಎರಡೂ ಬೇರೆ ಬೇರೆ ಮೂಳೆ. ಅವುಗಳ ನಡುವಿನ ಕೋನ ಚೂಪು. ಬಲಿತ ಎಮುವಿನಲ್ಲಿ ಎರಡೂ ಬೆಸೆದು ಒಂದೇ ಆಗಿವೆ, ಕೋನವೂ ಅಗಲ. ದೀಪದ ಕೆಳಗೆ ಎಷ್ಟು ತಿರುಗಿಸಿದರೂ ಕೂಡಿದ ಗೆರೆ ಸಿಗಲಿಲ್ಲ. ಆ ಒಂದು ಮೂಳೆ ಹಿಡಿದುಕೊಂಡು ಅರ್ಧ ದಿನ ಕಳೆದೆ.

ಅಳತೆಯಲ್ಲಿ ಮಿಲಿಮೀಟರ್ ಸುಮ್ನೆ ಬರೆದಿಟ್ಟರೆ ಏನೂ ಹೇಳಲ್ಲ. ಉಷ್ಟ್ರಪಕ್ಷಿ 100 ಕಿಲೋ ದಾಟುತ್ತೆ, ಟಿನಮು ಕೋಳಿಯಷ್ಟೂ ಇರಲ್ಲ. ಅದಕ್ಕೇ ಏಣಿನ ಎತ್ತರವನ್ನು ಎದೆಮೂಳೆಯ ಉದ್ದದಿಂದ ಭಾಗಿಸಿದೆ. ರೆಕ್ಕೆಯ ಮೂಳೆಗಳನ್ನು ತೊಡೆಮೂಳೆಗೆ ಹೋಲಿಸಿದೆ. ಆದರೆ ಓಡುವ ಹಕ್ಕಿಯ ಕಾಲೂ ಬದಲಾಗಿರುತ್ತೆ. ರೆಕ್ಕೆ ಕುಗ್ಗಿತೋ ಕಾಲು ಬೆಳೆಯಿತೋ ಅಂತ ಒಂದೇ ಅನುಪಾತದಿಂದ ಹೇಳೋಕಾಗಲ್ಲ. ಆಮೇಲೆ ಬೆನ್ನೆಲುಬಿನ ಒಂದು ಭಾಗದ ಉದ್ದವನ್ನೂ ಸೇರಿಸಿಕೊಂಡೆ.

ಒಂದು ತಪ್ಪು ಇವತ್ತಿಗೂ ನೆನಪಿದೆ. ಒಂದು ಎದೆಮೂಳೆಯ ಏಣು ತೀರಾ ಗಿಡ್ಡ ಅಂತ ಬರೆದುಕೊಂಡಿದ್ದೆ. ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಅಂಚೆಲ್ಲ ಸಣ್ಣ ಸಣ್ಣ ತೂತು. ಅದು ಮರಿಯದು! ಏಣಿನ ಉಳಿದ ಭಾಗ ಇನ್ನೂ ಮೃದ್ವಸ್ಥಿಯಾಗಿತ್ತು, ಮೂಳೆ ಸ್ವಚ್ಛ ಮಾಡುವಾಗ ಅದು ಹೋಗಿಬಿಟ್ಟಿತ್ತು. ಆ ಸಾಲು ಅಳಿಸಿದೆ. ಈಗ ಹೊಸ ಪೆಟ್ಟಿಗೆ ತೆರೆದಾಗ ಮೊದಲು ಪಾದದ ಮೂಳೆ ಎತ್ತಿಕೊಂಡು, ಮೂರು ಮೂಳೆ ಬೆಸೆದ ಗೆರೆಗಳು ಮಾಸಿವೆಯೇ, ಅಂದರೆ ಹಕ್ಕಿ ಬಲಿತದ್ದೇ ಅಂತ ನೋಡುತ್ತೇನೆ. ಅಳೆಯುವ ಕ್ಯಾಲಿಪರ್ ಕೈಗೆ ಬರೋದು ಆಮೇಲೆ.