ಹೊಸ ಕಾರು ತಗೊಳ್ಳುವ ಮೊದಲು ಕಾರು ಇರುವವರನ್ನು ಕೇಳುವುದು ಹೇಗೆ

ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಹದಿನಾಲ್ಕು ವರ್ಷ ಬೈಕಿನಲ್ಲೇ ಓಡಾಡಿದೆ. ಅವ್ವನ ಮೊಣಕಾಲು ನೋವು ಜಾಸ್ತಿಯಾಗಿ, ಗಂಗಾವತಿ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುವುದು ಕಷ್ಟವಾಯಿತು. ಆಗ ಕಾರು ತಗೊಳ್ಳಲೇಬೇಕು ಅಂತ ತೀರ್ಮಾನ ಮಾಡಿದೆ. ಗಾಡಿ ಮನೆಗೆ ಬಂದಿದ್ದು 2025ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಎಂಟು ತಿಂಗಳು, ಅಂಗಡಿಗೆ ಕಾರಿನಲ್ಲಿ ಬಂದವರನ್ನೆಲ್ಲ ಅವರ ಕಾರಿನ ಬಗ್ಗೆ ಕೇಳಿದೆ. ಕ್ಯಾಂಪಿನ (ವಲಸೆ ಬಂದು ನೆಲೆಸಿದವರ ಊರು) ರೈತರು, ರೈಸ್ ಮಿಲ್‌ನವರು, ಮೇಷ್ಟ್ರು, ಯಾರನ್ನೂ ಬಿಡಲಿಲ್ಲ. ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಈಗ ಹೇಳುವುದೆಲ್ಲ ಅದರಿಂದಲೇ ಬಂದದ್ದು.

ಮೊದಲ ಎರಡು ತಿಂಗಳು ನಾನು ತಪ್ಪು ಪ್ರಶ್ನೆ ಕೇಳುತ್ತಿದ್ದೆ. "ಗಾಡಿ ಹೆಂಗೈತ್ರಿ?" ಅನ್ನುತ್ತಿದ್ದೆ. ಎಲ್ಲರದೂ ಒಂದೇ ಉತ್ತರ, "ಮಸ್ತ್ ಐತಿ, ಕಣ್ಣು ಮುಚ್ಚಿ ತಗೊಳ್ರಿ." ಹೆತ್ತವರಿಗೆ ಹೆಗ್ಗಣ ಮುದ್ದು. ಹತ್ತು ಲಕ್ಷ ಹಾಕಿದವರು ತಮ್ಮ ಗಾಡಿ ಸರಿ ಇಲ್ಲ ಅಂತ ಬಾಯಿ ಬಿಟ್ಟು ಹೇಳುವುದು ಕಷ್ಟ ಅಲ್ವಾ? ಸುಳ್ಳು ಹೇಳುತ್ತಾರೆ ಅಂತಲ್ಲ, ಪ್ರಶ್ನೆಯೇ ಹಾಗಿತ್ತು.

ಆಮೇಲೆ ಹೀಗೆ ಕೇಳಲು ಶುರು ಮಾಡಿದೆ. ಹೋದ ಸಲ ಸರ್ವಿಸ್‌ಗೆ ಬಿಟ್ಟಾಗ ಬಿಲ್ ಎಷ್ಟಾಯಿತು? ಆ ಬಿಲ್ ಒಮ್ಮೆ ತೋರಿಸುತ್ತೀರಾ? ಗಾಡಿ ವರ್ಕ್‌ಶಾಪಿನಲ್ಲಿ ಎಷ್ಟು ದಿನ ನಿಂತಿತ್ತು, ಯಾವ ಪಾರ್ಟ್‌ಗೆ ಕಾದರು? ಹಿಂದೆ ಕೂತವರು ಏನಂತಾರೆ? ಏಪ್ರಿಲ್ ಮಧ್ಯಾಹ್ನ ಐದು ಜನ ಕೂತಾಗ ಎಸಿ ಹಿಂದಿನವರೆಗೆ ಬರುತ್ತದಾ? ಇದೇ ಗಾಡಿ ಮತ್ತೆ ತಗೊಂಡರೆ ಯಾವ ವೇರಿಯಂಟ್ ಬಿಡುತ್ತೀರಿ? ಈ ಕೊನೆಯ ಪ್ರಶ್ನೆಗೆ ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿದರು. ಸನ್‌ರೂಫ್‌ಗೆ ಅಂತ ಲಕ್ಷದ ಹತ್ತಿರ ಜಾಸ್ತಿ ಕೊಟ್ಟ ಮೂವರು, ನಮ್ಮ ಬಿಸಿಲಿನಲ್ಲಿ ಅದರ ಪರದೆ ತೆಗೆದದ್ದೇ ಇಲ್ಲ ಅಂದರು.

ಬಿಲ್ ನೋಡಿದ್ದರಿಂದ ತುಂಬಾ ಲಾಭವಾಯಿತು. ಕ್ಯಾಂಪಿನ ಒಬ್ಬ ಅಣ್ಣ ಡ್ಯಾಶ್‌ಬೋರ್ಡಿನಿಂದ ಮಡಚಿದ ಬಿಲ್ ತೆಗೆದು ಕೊಟ್ಟರು. ಆಯಿಲ್, ಫಿಲ್ಟರ್ ಸರಿ. ಕೆಳಗೆ ಎಂಜಿನ್ ಡ್ರೆಸ್ಸಿಂಗ್ (ಎಂಜಿನ್ ಹೊಳೆಯಲಿ ಅಂತ ಹಚ್ಚುವುದು), ಎಸಿ ಕ್ಲೀನಿಂಗ್, ಇನ್ನೊಂದೆರಡು ಸೇರಿ 2,300 ರೂಪಾಯಿ. "ಇವನ್ನ ನಾನು ಹೇಳೇ ಇಲ್ಲಲ್ಲೋ" ಅಂತ ಅವರಿಗೆ ಆಗಲೇ ಗೊತ್ತಾಗಿದ್ದು. ಗಾಡಿ ಬಿಡುವಾಗ ಜಾಬ್ ಕಾರ್ಡ್ (ಏನೇನು ಕೆಲಸ ಮಾಡುತ್ತಾರೆ ಅನ್ನುವ ಪಟ್ಟಿ) ಓದಿ, ಬೇಡದ್ದನ್ನು ಹೊಡೆದು ಹಾಕಿಸಿ, ಆಮೇಲೆ ಸಹಿ ಮಾಡಿ. ನಾನು ಹಾಗೇ ಮಾಡುತ್ತೇನೆ.

ಇನ್ನೊಂದು ಮಾತು. ಯಾರ ಅನುಭವ ಅನ್ನುವುದಕ್ಕಿಂತ ಅವರು ಎಲ್ಲಿ, ಎಷ್ಟು ಓಡಿಸುತ್ತಾರೆ ಅನ್ನುವುದು ಮುಖ್ಯ. ನನ್ನ ನೋಟ್‌ಬುಕ್‌ನಲ್ಲಿ ಒಂದೇ ಮಾಡೆಲ್ ಡೀಸೆಲ್ ಗಾಡಿಯ ಇಬ್ಬರಿದ್ದಾರೆ. ಒಬ್ಬರು ದಿನಾ ದೂರದ ಸಿಂಧನೂರಿಗೆ ಹೋಗಿ ಬರುವವರು, ಅವರಿಗೆ ಗಾಡಿ ಅಂದರೆ ಪ್ರಾಣ. ಇನ್ನೊಬ್ಬರು ಮೇಷ್ಟ್ರು, ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್. ವರ್ಷದಲ್ಲಿ ಮೂರು ಸಲ ಮೀಟರಿನಲ್ಲಿ ಹಳದಿ ದೀಪ ಬಂದು ವರ್ಕ್‌ಶಾಪಿಗೆ ಓಡಿದ್ದಾರೆ. ಕಾರಣ ಇಷ್ಟೇ. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಚೆನ್ನಾಗಿ ಬಿಸಿಯಾಗಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ನಾಲ್ಕು ಕಿಲೋಮೀಟರಿನಲ್ಲಿ ಎಂಜಿನ್ ಸರಿಯಾಗಿ ಬೆಚ್ಚಗೂ ಆಗುವುದಿಲ್ಲ. ಗಾಡಿದೂ ತಪ್ಪಿಲ್ಲ, ಮೇಷ್ಟ್ರದೂ ತಪ್ಪಿಲ್ಲ, ಜೋಡಿ ಹೊಂದಲಿಲ್ಲ. ನನ್ನ ಓಡಾಟ ಅಂಗಡಿ, ಗೋದಾಮು, ವಾರಕ್ಕೊಮ್ಮೆ ಗಂಗಾವತಿ. ಡೀಸೆಲ್ ಬೇಡ ಅಂತ ಅವತ್ತೇ ಬರೆದುಕೊಂಡೆ.

ಈಗ ದುಡ್ಡಿನ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಜಿಎಸ್‌ಟಿ 18 ಪರ್ಸೆಂಟ್ ಆಯಿತು. ಸಣ್ಣ ಕಾರು ಅಂದರೆ ಉದ್ದ 4 ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ದಾಟಬಾರದು. ದಾಟಿದರೆ 40. ಮಾರುತಿಯ ಬ್ರೆಝಾ ಉದ್ದದಲ್ಲಿ 4 ಮೀಟರ್ ಒಳಗೇ ಇದೆ, ಆದರೆ ಎಂಜಿನ್ 1462 ಸಿಸಿ, ಹಾಗಾಗಿ 40ರ ಲೆಕ್ಕ. ಪಕ್ಕದಲ್ಲಿ ನಿಲ್ಲಿಸಿದರೆ ಅಷ್ಟೇ ಉದ್ದ ಕಾಣುವ 1199 ಸಿಸಿಯ ಟಾಟಾ ನೆಕ್ಸಾನ್‌ಗೆ 18.

ಇನ್ನು ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್. ನಾನು ಕಟ್ಟುವಾಗ 5ರಿಂದ 10 ಲಕ್ಷದವರೆಗಿನ ಪೆಟ್ರೋಲ್ ಕಾರಿಗೆ 14 ಪರ್ಸೆಂಟ್, 10 ಲಕ್ಷ ದಾಟಿದರೆ 20 ಲಕ್ಷದವರೆಗೆ 17 ಇತ್ತು. ಅದರ ಮೇಲೆ ಸೆಸ್ ಬೇರೆ. ಸೆಸ್ ಬಿಟ್ಟು ಲೆಕ್ಕ ಹಾಕಿ ನೋಡಿ. 9,95,000ದ ಗಾಡಿಗೆ 1,39,300. 10,05,000ದ ಗಾಡಿಗೆ 1,70,850. ಗಾಡಿ ಬೆಲೆ ಹೆಚ್ಚಿದ್ದು ಹತ್ತು ಸಾವಿರ, ಟ್ಯಾಕ್ಸ್ ಹೆಚ್ಚಿದ್ದು ಮೂವತ್ತೊಂದೂವರೆ ಸಾವಿರ. 10 ಲಕ್ಷ ದಾಟಿದರೆ 1 ಪರ್ಸೆಂಟ್ ಟಿಸಿಎಸ್ಸನ್ನೂ (ಮುಂಗಡ ಇನ್‌ಕಮ್ ಟ್ಯಾಕ್ಸ್) ಹಿಡಿಯುತ್ತಾರೆ. ಅದು ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ, ರಸೀದಿ ಜೋಪಾನ ಮಾಡಿ. ನಿಮ್ಮ ಬಜೆಟ್ 10 ಲಕ್ಷದ ಗಡಿಯಲ್ಲಿದ್ದರೆ ವೇರಿಯಂಟ್ ಆರಿಸುವ ಮುಂಚೆ ಈ ಲೆಕ್ಕ ಬರೆದು ನೋಡಲೇಬೇಕು.

ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕು ಅನ್ನುವ ನಿಯಮ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ಬೇರೆಯವರಿಗೆ ಆದ ನಷ್ಟಕ್ಕೆ) ಕಡ್ಡಾಯ, ಸ್ವಂತ ಗಾಡಿಯ ಡ್ಯಾಮೇಜ್‌ಗೆ ಒಂದು ವರ್ಷದ್ದು ಸಾಕು. ನನಗೆ ಕೊಟ್ಟ ಕೊಟೇಶನ್‌ನಲ್ಲಿ 41,000 ಇತ್ತು. ಅಷ್ಟೇ ಐಡಿವಿ (ಗಾಡಿ ಪೂರ್ತಿ ಹಾಳಾದರೆ, ಕಳುವಾದರೆ ಸಿಗುವ ಮೊತ್ತ), ಅದೇ ಝೀರೋ ಡೆಪ್ (ಪಾರ್ಟ್ ಹಳೆಯದು ಅಂತ ಕ್ಲೇಮಿನಲ್ಲಿ ಕಡಿತ ಮಾಡದ ಪಾಲಿಸಿ), ಹೊರಗೆ ಕೇಳಿದರೆ 29,000. ಆ ಕಾಗದ ಮುಂದಿಟ್ಟ ಮೇಲೆ ಅವರೂ ಇಳಿಸಿದರು. ಹೋಲಿಸುವಾಗ ಐಡಿವಿ ಎರಡರಲ್ಲೂ ಒಂದೇ ಇದೆಯಾ ನೋಡಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಬರೆದಿದ್ದರೆ ಅದು ಯಾಕೆ ಅಂತ ಕೇಳಿ. ನಾನು ಕೇಳಿದ ಕೂಡಲೇ ತೆಗೆದರು.

ಟೆಸ್ಟ್ ಡ್ರೈವ್‌ಗೆ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಹೋದೆವು, ಬೇಕಂತಲೇ. ಅವ್ವ, ನನ್ನ ಹೆಂಡತಿ, ಇಬ್ಬರು ಮಕ್ಕಳು, ಎಲ್ಲರನ್ನೂ ಕರೆದುಕೊಂಡು ಹೋದೆ. ನಾನು ಸ್ಟೀರಿಂಗ್ ನೋಡುತ್ತಿದ್ದರೆ ಅವ್ವ ಬಾಗಿಲು ನೋಡುತ್ತಿದ್ದಳು. ಮೊದಲನೇ ಗಾಡಿಯ ಸೀಟು ತಗ್ಗಿನಲ್ಲಿತ್ತು. ಕೂತಳು, ಆದರೆ ಏಳಲು ಬಾಗಿಲಿನ ಅಂಚು ಎರಡೂ ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದಳು. ಎರಡನೆಯದು ತೀರಾ ಎತ್ತರ, ಕಾಲು ಎತ್ತಲು ಆಗಲಿಲ್ಲ. ಮೂರನೆಯದರಲ್ಲಿ ಸೀಟು ಅವಳ ಸೊಂಟದ ಮಟ್ಟಕ್ಕೇ ಇತ್ತು. ಸುಮ್ನೆ ಪಕ್ಕಕ್ಕೆ ತಿರುಗಿ ಕೂತು ಕಾಲು ಒಳಗೆ ಎಳೆದುಕೊಂಡಳು. "ಇದು ನಮ್ಮನಿ ಕಟ್ಟಿ ಇದ್ದಂಗೈತಿ" ಅಂದಳು. ನನ್ನ ಮಟ್ಟಿಗೆ ಅಲ್ಲಿಗೆ ಗಾಡಿ ಆರಿಸಿದ ಹಾಗೇ ಆಯಿತು. ಆದರೂ ಐದೂ ಜನ ಕೂತು, ಎಸಿ ಹಾಕಿ, ಒಂದು ಏರು, ಎರಡು ಸ್ಪೀಡ್ ಬ್ರೇಕರ್ ಹತ್ತಿಸಿ ನೋಡಿದೆ. ಒಬ್ಬರೇ ಓಡಿಸಿದಾಗ ಹಾರುವ ಗಾಡಿ ಐದು ಜನಕ್ಕೆ ಏದುಸಿರು ಬಿಡಬಹುದು.

ಇನ್ನು ಗಾಡಿ ಪರೀಕ್ಷೆ. ಪಿಡಿಐ ಅಂತಾರೆ. ಇದನ್ನು ದಯವಿಟ್ಟು ಬಿಡಬೇಡಿ. ಪೂರ್ತಿ ದುಡ್ಡು ಕಟ್ಟುವ ಮುಂಚೆ, ರಿಜಿಸ್ಟ್ರೇಶನ್ ಆಗುವ ಮುಂಚೆ, ಹಗಲು ಬೆಳಕಿನಲ್ಲಿ ನೋಡಬೇಕು. ನಮ್ಮ ಕೊಪ್ಪಳದ ಕೆಎ 37 ಅಂತ ನಂಬರ್ ಬಿದ್ದ ಮೇಲೆ ಗಾಡಿ ನಿಮ್ಮದೇ, ವಾಪಸ್ ಕೊಡುವ ಮಾತು ನಡೆಯುವುದಿಲ್ಲ.

ನನಗೆ ದೀಪಾವಳಿ ಪಾಡ್ಯಕ್ಕೆ ಗಾಡಿ ಕೊಡುತ್ತೇವೆ ಅಂದಿದ್ದರು. ನಾಲ್ಕು ದಿನ ಮುಂಚೆ ಶೋರೂಮಿನವರು ಗಾಡಿ ನಿಲ್ಲಿಸುವ ಯಾರ್ಡ್‌ಗೆ ಹೋದೆ. ಹೊರಗಿಂದ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ಮೂರು ಟೈರಿನಲ್ಲಿ 2225 ಇತ್ತು. ಎಡಗಡೆ ಹಿಂದಿನದರಲ್ಲಿ 3125. ಒಂದೇ ದಿನ ಫ್ಯಾಕ್ಟರಿಯಿಂದ ಬಂದ ಗಾಡಿಗೆ ಒಂದು ಟೈರು ಮಾತ್ರ ಒಂಬತ್ತು ವಾರ ಆಮೇಲಿನದು ಹೇಗೆ? ಅನುಮಾನ ಬಂತು. ಆ ಕಡೆಯ ಬಾಗಿಲು ತೆಗೆದು ಮೊಬೈಲ್ ಟಾರ್ಚ್ ಹಾಕಿ, ಅಂಚಿನ ರಬ್ಬರನ್ನು ಬೆರಳಿನಿಂದ ಮಡಚಿ ನೋಡಿದೆ. ರಬ್ಬರಿನ ಕೆಳಗೆ ಬಣ್ಣ ನಿಂತು ಗೆರೆ ಬಿದ್ದಿತ್ತು. ಬೆರಳು ಆಡಿಸಿದರೆ ಬಲಗಡೆ ಬಾಗಿಲು ಗಾಜಿನ ಹಾಗೆ ನುಣುಪು, ಎಡಗಡೆ ಸಣ್ಣ ರವೆಯ ಹಾಗೆ ತರಿತರಿ. ಎಲ್ಲೋ ತಗುಲಿಸಿ, ಬಣ್ಣ ಹೊಡೆದು, ಟೈರು ಬದಲಿಸಿದ್ದರು. ನಾನು ಜಗಳ ಮಾಡಲಿಲ್ಲ. ಫೋಟೋ ತೆಗೆದೆ, ಈ ಚಾಸಿ ನಂಬರಿನ ಗಾಡಿ ನನಗೆ ಬೇಡ ಅಂತ ಬರೆದುಕೊಟ್ಟು, ಅದರ ನಕಲಿನ ಮೇಲೆ ಅವರ ಸಹಿ ತಗೊಂಡೆ. ಪಾಡ್ಯ ತಪ್ಪಿತು. ಹೆಣ್ಣು ಕೊಟ್ಟ ಮಾವ ಬೇಜಾರು ಮಾಡಿಕೊಂಡರು, "ಹಬ್ಬ ಬಿಟ್ಟು ಗಾಡಿ ತರ್ತಾರೇನ್ರಿ ಅಳಿಯಂದ್ರ?" ಅಂದರು. ಎರಡು ವಾರ ಬಿಟ್ಟು ಇನ್ನೊಂದು ಗಾಡಿ ಬಂತು. ಅದನ್ನೂ ಹಾಗೇ ನೋಡಿದೆ, ಸರಿ ಇತ್ತು. ಶುಕ್ರವಾರ ಹುಲಿಗಿಗೆ ಹೋಗಿ ಹುಲಿಗೆಮ್ಮನ ಗುಡಿ ಮುಂದೆ ಪೂಜೆ ಮಾಡಿಸಿದೆವು. ಆಗ ಮಾವನೂ ಸಮಾಧಾನವಾದರು.

ಚಾಸಿ ನಂಬರ್ 17 ಅಕ್ಷರ ಇರುತ್ತದೆ. ಇನ್‌ವಾಯ್ಸ್‌ನಲ್ಲಿ, ಗಾಡಿಯ ಮೇಲೆ, ಇನ್ಶೂರೆನ್ಸ್‌ನಲ್ಲಿ ಮೂರೂ ಕಡೆ ಒಂದೇ ಇದೆಯಾ ಅಂತ ಒಂದೊಂದೇ ಅಕ್ಷರ ಓದಿ ನೋಡಿ. ತಯಾರಾದ ತಿಂಗಳು, ವರ್ಷ ಕೇಳಿ ಬರೆಸಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ತಗೊಳ್ಳುವವರು ಇದನ್ನು ಮರೆಯಲೇಬಾರದು, ಹೋದ ವರ್ಷದ ಗಾಡಿ ಇರಬಹುದು. ಸ್ಟೆಪ್ನಿ, ಜಾಕ್, ಎರಡು ಕೀ, ಎಲ್ಲ ದೀಪ, ವೈಪರ್, ಹತ್ತು ನಿಮಿಷ ಎಸಿ. ಇಷ್ಟು ಸಾಕು.

ಮನೆಗೆ ತಂದ ಮರುದಿನ ಬೆಳಗ್ಗೆ, ಗಾಡಿ ಇನ್ನೂ ತಣ್ಣಗಿರುವಾಗ ಗಾಳಿ ನೋಡಿಸಿ. ಡ್ರೈವರ್ ಬಾಗಿಲಿನ ಕಂಬದ ಮೇಲೆ ಎಷ್ಟು ಗಾಳಿ ಬೇಕು ಅನ್ನುವ ಸ್ಟಿಕ್ಕರ್ ಇರುತ್ತದೆ. ನನ್ನದರಲ್ಲಿ 33 ಅಂತ ಇತ್ತು, ಟೈರಿನಲ್ಲಿದ್ದದ್ದು 42. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತವೆ ಅಂತ ಜಾಸ್ತಿ ತುಂಬಿರುತ್ತಾರೆ. ಗಾಡಿ ಕುಣಿಯುತ್ತದೆ, ಸಸ್ಪೆನ್ಶನ್ ಸರಿ ಇಲ್ಲ ಅಂತ ಮೊದಲ ದಿನವೇ ಬೇಜಾರಾಗುವವರು ಮೊದಲು ಇದನ್ನು ನೋಡಲಿ. ಮೊದಲ ಸಾವಿರ ಕಿಲೋಮೀಟರ್ ಎಂಜಿನ್ ಕಿರುಚುವಷ್ಟು ಎಳೆಯಬೇಡಿ, ಹಾಗೆಯೇ ಒಂದೇ ವೇಗದಲ್ಲೂ ಗಂಟೆಗಟ್ಟಲೆ ಓಡಿಸಬೇಡಿ.

ಈಗ ಮನಸ್ಸಿಗೆ ತುಂಬಾ ತಾಗಿದ ಒಂದು ವಿಷಯ. ರಾಶಿಯ ಹೊತ್ತಿನಲ್ಲಿ ಕುಷ್ಟಗಿ, ಮಸ್ಕಿ ಕಡೆಯ ಹಳ್ಳಿ ರಸ್ತೆಯ ಮೇಲೆ ತೊಗರಿ, ಸಜ್ಜೆ, ಹುರುಳಿ ಹಾಕುತ್ತಾರೆ. ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಉದುರಲಿ ಅಂತ. ಜನವರಿಯಲ್ಲಿ ಒಂದು ಬೀಗರ ಮನೆ ಕಾರ್ಯಕ್ಕೆ ಹೋಗುವಾಗ ಹುರುಳಿ ಬಳ್ಳಿಯ ಮೇಲೆ ಗಾಡಿ ಹತ್ತಿಸಿದೆ. ಪಕ್ಕದಲ್ಲಿ ಜಾಗ ಇರಲಿಲ್ಲ. ಎರಡು ಕಿಲೋಮೀಟರ್ ಹೋದ ಮೇಲೆ ಮಗಳು "ಅಪ್ಪಾ, ಒಲಿ ವಾಸನಿ ಬರಾಕತ್ತೈತಿ" ಅಂದಳು. ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಬಗ್ಗಿ ನೋಡಿದರೆ ಬಳ್ಳಿ ಹಗ್ಗದ ಹಾಗೆ ಸುತ್ತಿಕೊಂಡು ಸೈಲೆನ್ಸರ್ ಪೈಪಿಗೆ ಒತ್ತಿತ್ತು. ಒಂದು ಕಡೆ ಕಂದು ಬಣ್ಣಕ್ಕೆ ತಿರುಗಿ ಹೊಗೆ ಏಳುತ್ತಿತ್ತು. ಹೊಲದಿಂದ ಒಂದು ಕಟ್ಟಿಗೆ ತಂದು ಎಳೆದು ತೆಗೆದೆ, ಬಾಟಲಿ ನೀರು ಬಳ್ಳಿಯ ಮೇಲೆ ಸುರಿದೆ. ಕೈ ನಡುಗುತ್ತಿತ್ತು. ಕಾರಿನ ಹೊಟ್ಟೆಯ ಕೆಳಗೆ ಹೊಗೆ ಶುದ್ಧ ಮಾಡುವ ಕನ್ವರ್ಟರ್ ಇರುತ್ತದೆ, ನೂರಾರು ಡಿಗ್ರಿ ಕಾಯುತ್ತದೆ. ಒಣ ಹುಲ್ಲಿಗೆ ಅಷ್ಟು ಸಾಕು. ಬೇರೆ ದಾರಿ ಇದ್ದರೆ ಸುತ್ತಿ ಹೋಗಿ. ಇಲ್ಲದಿದ್ದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ. ಸುಡುವ ವಾಸನೆ ಬಂದರೆ ಮೊದಲು ಜನರನ್ನು ಇಳಿಸಿ ದೂರ ನಿಲ್ಲಿಸಿ. ರಸ್ತೆಗೆ ರಾಶಿ ಹಾಕುವವರಲ್ಲಿ ನನ್ನ ಗಿರಾಕಿಗಳೂ ಇದ್ದಾರೆ, ಅಂಗಡಿಯಲ್ಲಿ ಅವರಿಗೂ ಇದನ್ನು ಹೇಳುತ್ತಿದ್ದೇನೆ.

ರಾತ್ರಿ ತುಂಗಭದ್ರಾ ಎಡದಂಡೆ ಕಾಲುವೆ ರಸ್ತೆಯಲ್ಲಿ ನಲವತ್ತು ದಾಟಬೇಡಿ. ಭತ್ತದ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಹಿಂದೆ ದೀಪ ಇರುವುದೇ ಕಡಿಮೆ. ಗೋದಾಮಿನ ಹತ್ತಿರ ನಿಲ್ಲಿಸುವವರು ವಾರಕ್ಕೊಮ್ಮೆ ಬಾನೆಟ್ ತೆಗೆದು ಇಲಿ ಹಿಕ್ಕೆ ಇದೆಯಾ ನೋಡಿ. ನಾನು ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಇಡುತ್ತೇನೆ, ಬಿಸಿಯಾಗುವ ಜಾಗದಿಂದ ದೂರ. ಇಲ್ಲಿಯವರೆಗೆ ವೈರು ಕಡಿದಿಲ್ಲ.

ಮೈಲೇಜ್‌ಗೆ ಮೀಟರ್ ನಂಬಬೇಡಿ. ಒಂದೇ ಬಂಕಿನಲ್ಲಿ ಪಂಪ್ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡಿಸಿ, ಮತ್ತೆ ಹಾಗೇ ತುಂಬಿಸಿ ಭಾಗಿಸಿ. ನನ್ನದು 612 ಕಿಲೋಮೀಟರಿಗೆ 36.4 ಲೀಟರ್, ಅಂದರೆ 16.8. ಮೀಟರ್ 18.2 ತೋರಿಸುತ್ತಿತ್ತು.

ಇವನ್ನೆಲ್ಲ ಅದೇ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಬರೆಯುತ್ತಿದ್ದೇನೆ. ತುಂಬಿಸಿದ ಪೆಟ್ರೋಲ್, ಗಾಳಿ, ಸರ್ವಿಸ್ ಬಿಲ್, ಅವ್ವನ ಮಾತು, ಎಲ್ಲ. ಮೊನ್ನೆ ಸಿದ್ದಾಪುರದ ಒಬ್ಬ ಕಾಕಾ ಅಂಗಡಿಗೆ ಬಂದು, "ತಮ್ಮ, ಗಾಡಿ ಹೆಂಗೈತೋ?" ಅಂದರು. ನೋಟ್‌ಬುಕ್ ತೆಗೆದು ಅವರ ಕೈಗೆ ಕೊಟ್ಟೆ. ಹುರುಳಿ ಬಳ್ಳಿಯ ಪುಟ ಮೊದಲು ಓದಿ ಕಾಕಾ, ನಿಮ್ಮ ಮಗನ ಊರು ಮಸ್ಕಿ ಹತ್ತಿರ ಅಲ್ವಾ ಅಂದೆ.