ಇಳಿಜಾರು ಹಿತ್ತಲು, ಎರೆ ಮಣ್ಣು: ಟರ್ಫ್‌ಗೆ ಯಾವ ಇನ್‌ಫಿಲ್ ಅಂತ ನಾನು ಹೇಗೆ ಡಿಸೈಡ್ ಮಾಡ್ದೆ

ನಾವಿರೋದು ಟೆಕ್ಸಾಸ್‌ನ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ, ಹಿತ್ತಲಿಗೆ ಟರ್ಫ್, ಅಂದ್ರೆ ಪ್ಲಾಸ್ಟಿಕ್ ಹುಲ್ಲು ಹಾಕಿಸ್ಬೇಕಿತ್ತು. ಹಿತ್ತಲು ಮನೆ ಕಡೆಯಿಂದ ಹಿಂದಿನ ಫೆನ್ಸ್ ಕಡೆಗೆ ಇಳೀತಾ ಹೋಗತ್ತೆ, ದಾರ ಕಟ್ಟಿ ಲೆವೆಲ್ ಇಟ್ಟು ನೋಡಿದ್ರೆ ಹತ್ತು ಅಡಿಗೆ ಒಂದೂವರೆ ಅಡಿ ಇಳಿಜಾರು, ಅಂದ್ರೆ 15 ಪರ್ಸೆಂಟ್. ಕೆಳಗೆ ಈ ಕಡೆಯ ಕಪ್ಪು ಜೇಡಿ ಮಣ್ಣು, ಹೂಸ್ಟನ್ ಬ್ಲ್ಯಾಕ್ ಅಂತಾರೆ. ನಮ್ಮ ಮಾವ ನವಲಗುಂದ ಕಡೆಯವ್ರು, ಬೇಸಿಗೇಲಿ ಬಂದಾಗ ನೆಲ ಬಿರುಕು ಬಿಟ್ಟಿರೋದು ನೋಡಿ "ಅಳಿಯಾರ, ಇದು ನಮ್ಮ ಎರಿ ಹೊಲಾನ ಐತಲ್ರಿ" ಅಂದ್ರು. ನಿಜಾನೇ, ಎರಡೂ ನೆಂದ್ರೆ ಉಬ್ಬೋ, ಒಣಗಿದ್ರೆ ಕುಗ್ಗೋ ಜಾತಿ, ಒಂದ್ಸಲ ಉಬ್ಬಿ ಬಿರುಕು ಮುಚ್ಕೊಂಡ್ರೆ ನೀರು ಒಳಗೆ ಇಳಿಯೋದು ಹೆಚ್ಚುಕಮ್ಮಿ ನಿಂತೇ ಹೋಗತ್ತೆ. ಹಾಗಾಗಿ ಜೋರು ಮಳೆ ಬಂದಾಗ ನೀರೆಲ್ಲ ಇಳಿಜಾರಲ್ಲೇ ಓಡತ್ತೆ, ಟರ್ಫ್ ಮೇಲೆ ಸ್ವಲ್ಪ, ಅಡಿಯಲ್ಲಿ ಸ್ವಲ್ಪ.

ಇನ್‌ಫಿಲ್ ಅಂದ್ರೆ ಪ್ಲಾಸ್ಟಿಕ್ ಹುಲ್ಲಿನ ಎಳೆಗಳ ಮಧ್ಯೆ ತುಂಬೋ ಕಾಳು. ಎಳೆ ನೆಟ್ಟಗೆ ನಿಲ್ಲೋಕೆ, ಟರ್ಫ್ ಸುಕ್ಕಾಗದೆ ಭಾರಕ್ಕೆ ಕೂತಿರೋಕೆ ಬೇಕು. ಮಾರೋರು ನಾಯಿ ಇದ್ಯಾ, ಮಕ್ಕಳಿದ್ದಾರಾ ಅಂತ ಕೇಳ್ತಾರೆ, ಇಳಿಜಾರು ಎಷ್ಟು ಅಂತ ನನ್ನ ಯಾರೂ ಕೇಳ್ಲಿಲ್ಲ. ನನ್ನ ಲೆಕ್ಕದಲ್ಲಿ ಇಂಥ ಜಾಗಕ್ಕೆ ಮೊದಲ ಪ್ರಶ್ನೆನೇ ಅದು: ನೀರು ಓಡಿದಾಗ ಈ ಕಾಳು ಇದ್ದಲ್ಲೇ ಇರತ್ತಾ? ಮೆತ್ತಗಿರೋದು, ತಂಪಾಗಿರೋದು, ವಾಸನೆ ಬರದೆ ಇರೋದು ಎಲ್ಲ ಆಮೇಲೆ.

ಅದಕ್ಕೆ ಒಂದು ಪ್ಲೈವುಡ್ ಹಲಗೆ ತಗೊಂಡು ಇಟ್ಟಿಗೆ ಕೊಟ್ಟು ಹಿತ್ತಲಿನಷ್ಟೇ ಇಳಿಜಾರು ಮಾಡಿ, ಸ್ಯಾಂಪಲ್ ಟರ್ಫ್ ತುಂಡುಗಳನ್ನ ಸ್ಕ್ರೂ ಹೊಡೆದು ಕೂರಿಸಿ, ಒಂದೊಂದರಲ್ಲಿ ಒಂದೊಂದು ಇನ್‌ಫಿಲ್ ತುಂಬಿ ಬ್ರಷ್ ಮಾಡಿ, ಕೆಳಗಡೆ ಹಳೇ ಬಿಳಿ ಟವೆಲ್ ಹಾಸಿ, ಮೇಲಿಂದ ನಾಝಲ್ ಇಲ್ಲದೆ ಹೋಸ್‌ಪೈಪ್ ಬಿಟ್ಟೆ. ಕಾರ್ಕ್ ನಿಂತ್ಕೊಳ್ಳೋ ಮಾತೇ ಇಲ್ಲ, ತೇಲ್ಕೊಂಡು ಬಂತು. ಟೈರ್ ರಬ್ಬರ್ ಪುಡಿ ನೀರಿಗಿಂತ ತೂಕದಲ್ಲಿ ಸ್ವಲ್ಪನೇ ಜಾಸ್ತಿ, ಮೈಗೆ ಗಾಳಿ ಗುಳ್ಳೆ ಹಿಡ್ಕೊಂಡ್ರೆ ಅದೂ ತೇಲತ್ತೆ, ಟವೆಲ್ ಮೇಲೆ ಕಪ್ಪು ಪಟ್ಟೆನೇ ಬಿತ್ತು. ಅದೆಲ್ಲ ಮನೆ ಹಿಂದಿನ ಓಣಿಗೆ ಹೋಗಿ ಅಲ್ಲಿಂದ ಚರಂಡಿ ಸೇರತ್ತೆ, ಜೊತೆಗೆ ಟೆಕ್ಸಾಸ್ ಬಿಸಿಲಿಗೆ ಟರ್ಫ್ ಮೊದಲೇ 150 ಡಿಗ್ರಿ ಫ್ಯಾರನ್‌ಹೀಟ್ ದಾಟತ್ತೆ, ಅದರ ಮೇಲೆ ಕಪ್ಪು ರಬ್ಬರ್ ಬೇರೆ. ಯುರೋಪಿಯನ್ ಯೂನಿಯನ್ 2023ರಲ್ಲಿ ಮೈಕ್ರೋಪ್ಲಾಸ್ಟಿಕ್ ರೂಲ್ ತಂದು ಆಟದ ಮೈದಾನಗಳ ಇಂಥ ರಬ್ಬರ್ ಕಾಳುಗಳ ಮಾರಾಟ 2031ಕ್ಕೆ ನಿಲ್ಲಿಸ್ಬೇಕು ಅಂತ ಇಟ್ಟಿದೆ, ಅದೂ ತಲೇಲಿತ್ತು.

ನನಗೆ ಆಶ್ಚರ್ಯ ಆಗಿದ್ದು ದುಬಾರಿ ಆಕ್ರಿಲಿಕ್ ಕೋಟಿಂಗ್ ಮರಳು. ಒಳ್ಳೇ ಮಾಲು, ಸಮತಟ್ಟು ಜಾಗಕ್ಕೆ ಅದನ್ನೇ ಹಾಕಿ ಅಂತೀನಿ, ಆದ್ರೆ ಕಾಳು ಗುಂಡಗೆ ನುಣ್ಣಗೆ ಇರೋದ್ರಿಂದ ಟವೆಲ್‌ಗೆ ಜಾಸ್ತಿ ಬೀಳದೇ ಇದ್ರೂ ಟರ್ಫ್ ಒಳಗೇ ಉರುಳಿ ಕೆಳಗೆ ಸೇರ್ಕೊಂಡು ಮೇಲ್ಭಾಗ ಬೋಳಾಯ್ತು. ಸ್ವಲ್ಪ ಮೂಲೆಮೂಲೆ ಇರೋ ತೊಳೆದು ಒಣಗಿಸಿದ ಸಿಲಿಕಾ ಮರಳು, 16/30 ಸೈಜ್, ಅಂದ್ರೆ ಕಾಳು ಸುಮಾರು 0.6ರಿಂದ 1.2 ಮಿಲಿಮೀಟರ್, ಒಂದಕ್ಕೊಂದು ಹಿಡ್ಕೊಂಡು ಕೂತಿತ್ತು. ಅದನ್ನೇ ಫೈನಲ್ ಮಾಡ್ದೆ.

"ತೊಳೆದ" ಅಂತ ಚೀಲದ ಮೇಲೆ ಬರೆದಿದ್ರೆ ಸಾಲ್ದು. ಗಾಜಿನ ಬಾಟ್ಲಿಗೆ ಒಂದು ಹಿಡಿ ಮರಳು, ನೀರು ಹಾಕಿ ಅಲ್ಲಾಡಿಸಿ ಇಡಿ. ಮಕ್ಕಳಾಟದ ಅಗ್ಗದ ಮರಳು ಹಾಕಿದಾಗ ನೀರು ಟೀ ಥರ ಆಗಿ ಬಹಳ ಹೊತ್ತು ತಿಳಿಯಾಗ್ಲಿಲ್ಲ. ಆ ಸಣ್ಣ ಧೂಳೇ ಟರ್ಫ್ ಬ್ಯಾಕಿಂಗ್‌ನ, ಅಂದ್ರೆ ಎಳೆ ಹೊಲಿದಿರೋ ಅಡಿ ಹಾಳೆಯ ತೂತು ಮುಚ್ಚೋದು, ಜೇಡಿ ಮಣ್ಣಲ್ಲಿ ಮೊದಲೇ ನೀರಿಗೆ ದಾರಿ ಕಮ್ಮಿ, ಇರೋ ದಾರೀನೂ ಹೋದ್ರೆ ಮುಗೀತು.

ಇನ್ನು ಇನ್‌ಫಿಲ್ ಎಷ್ಟೇ ಒಳ್ಳೇದಿದ್ರೂ ಅಡಿಯಲ್ಲಿ ಡ್ರೈನೇಜ್ ಇಲ್ದೆ ಇದ್ರೆ ದಂಡ. ಮಣ್ಣು ಹದದಲ್ಲಿದ್ದಾಗ, ಅಂದ್ರೆ ಮುಷ್ಟಿ ಕಟ್ಟಿದ್ರೆ ಉಂಡೆ ಆಗಿ ಕೈಗೆ ಅಂಟದ ಹಾಗಿದ್ದಾಗ ಗಟ್ಟಿ ಮಾಡಿಸ್ದೆ, ಮೇಲೆ ನೀರು ಬಿಟ್ಟು ಮಣ್ಣು ತಡೆಯೋ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದ್ರ ಮೇಲೆ ನಾಲ್ಕು ಇಂಚು ಜಲ್ಲಿ, ಬಟ್ಟೆ ಇಲ್ದೆ ಇದ್ರೆ ಜಲ್ಲಿನ ಜೇಡಿ ನುಂಗಿಬಿಡತ್ತೆ. ಕೆಳ ಅಂಚಲ್ಲಿ ತೂತಿನ ಪೈಪ್ ಹಾಕಿ ನೀರು ಪಕ್ಕಕ್ಕೆ ತಿರುಗಿಸಿದ್ದು. ಟರ್ಫ್‌ನೂ ಎಳೆ ಗಿಡ್ಡ, ದಟ್ಟ ಇರೋದು, ಬುಡದಲ್ಲಿ ಗುಂಗುರು ಎಳೆ ಇರೋದು ನೋಡಿ ತಗೊಂಡೆ, ಮರಳು ಹಿಡ್ಕೊಳ್ಳೋದು ಆ ಗುಂಗುರೇ. ಎಳೆ ಬಾಗಿರೋ ಮುಖ ಏರಿನ ಕಡೆಗಿಟ್ಟೆ. ಮನೆ ಗೋಡೆ ಪಕ್ಕ ಮಾತ್ರ ಒಂದು ಪಟ್ಟಿ ಟರ್ಫ್ ಇಲ್ದೆ ಬಿಟ್ಟೆ, ಇಲ್ಲಿ ಬೇಸಿಗೇಲಿ ಫೌಂಡೇಶನ್‌ಗೂ ನೀರು ಹಾಯಿಸ್ಬೇಕು, ಇಲ್ಲಾಂದ್ರೆ ಮಣ್ಣು ಕುಗ್ಗಿ ಗೋಡೆ ಬಿರುಕು ಬಿಡತ್ತೆ, ಅದಕ್ಕೆ ಹಾಕೋ ಸೋಕರ್ ಹೋಸ್‌ಗೆ, ಅಂದ್ರೆ ನೀರು ಜಿನುಗಿಸೋ ಪೈಪ್‌ಗೆ ಜಾಗ ಬೇಕಲ್ವಾ.

ಇಳಿಜಾರಿನ ಭಾಗ 400 ಚದರ ಅಡಿ, ಚದರ ಅಡಿಗೆ 2 ಪೌಂಡ್ ಲೆಕ್ಕದಲ್ಲಿ 800 ಪೌಂಡ್, 50 ಪೌಂಡಿನ 16 ಚೀಲ. ಒಣ ದಿನ ನೋಡಿ, ಸ್ಪ್ರೆಡರ್‌ನ ಇಳಿಜಾರಿಗೆ ಅಡ್ಡಡ್ಡ ಓಡಿಸಿ ತೆಳ್ಳಗೆ ಒಂದು ಪದರ, ಬ್ರಷ್, ಮತ್ತೆ ಒಂದು ಪದರ, ಮತ್ತೆ ಬ್ರಷ್. ಒಂದೇ ಸಲ ಸುರಿದ್ರೆ ಎಳೆ ಮಲಗಿಬಿಡತ್ತೆ, ಎಬ್ಬಿಸೋಷ್ಟರಲ್ಲಿ ಸೊಂಟ ಬೀಳತ್ತೆ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಎನ್95 ಮಾಸ್ಕ್ ಇಲ್ದೆ ಚೀಲ ಬಿಚ್ಚಬೇಡಿ.

ನಾಯಿ ವಿಷ್ಯ. ಜಿಯೋಲೈಟ್ ಅನ್ನೋ ಸಣ್ಣ ಸಣ್ಣ ತೂತಿರೋ ಖನಿಜದ ಕಾಳು ಮೂತ್ರದ ಅಮೋನಿಯಾ ಹೀರ್ಕೊಳ್ಳೋದು ನಿಜ, ಆದ್ರೆ ಮರಳಿಗಿಂತ ಬಹಳ ಹಗುರ, ಇಳಿಜಾರಿಗೆ ಬೇಡ ಅನ್ನಿಸ್ತು. ನಮ್ಮ ನಾಯಿ ಹೇಗೂ ಪ್ಯಾಟಿಯೋ ಪಕ್ಕದ ಸಮತಟ್ಟು ಜಾಗದಲ್ಲೇ ಕಾಲೆತ್ತೋದು, ಅಷ್ಟಕ್ಕೆ ಮಾತ್ರ ಜಿಯೋಲೈಟ್ ಹಾಕ್ದೆ, ಆಗಾಗ ನೀರು ಹೊಡೆದು ತೊಳೀತೀನಿ.

ಜೋರು ಮಳೆ ಆದ್ಮೇಲೆ ಕೆಳ ಅಂಚಿಗೆ ಹೋಗಿ ಬೆರಳಿಂದ ಎಳೆ ಬಿಡಿಸಿ ಮರಳು ಎಷ್ಟು ದಪ್ಪ ಕೂತಿದೆ ನೋಡ್ತೀನಿ, ಮೇಲೂ ನೋಡ್ತೀನಿ. ಫರಕ್ ಕಂಡ್ರೆ ಒಣಗಿದ್ಮೇಲೆ ಗಟ್ಟಿ ಬ್ರಷ್‌ಲಿ ಮೇಲಕ್ಕೆ ತಳ್ಳೋದು, ಸಾಲ್ದೆ ಇದ್ರೆ ಗ್ಯಾರೇಜಲ್ಲಿ ಅದೇ ಸೈಜಿನ ಒಂದು ಎಕ್ಸ್‌ಟ್ರಾ ಚೀಲ ಇಟ್ಟಿದೀನಿ.